ಸೋರುವ ಮಾರಿಕಣಿವೆ, ತಿರುಗದ ಗಾಳಿಯಂತ್ರ

ಶಾಲಾ ಮಕ್ಕಳು ತಮ್ಮ ಕೈಯಾರೆ ಯಂತ್ರಗಳನ್ನು ಕಟ್ಟಿ, ಕೆಡಿಸಿ, ಮತ್ತೆ ಕಟ್ಟಲೆಂದು ನೀತಿ ಆಯೋಗವು 2016ರಲ್ಲಿ ಆರಂಭಿಸಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯು ಆಯ್ದ ಶಾಲೆಗಳಿಗೆ 20 ಲಕ್ಷ ರೂಪಾಯಿವರೆಗೆ ಅನುದಾನ ನೀಡಿ, ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪದರಪದರವಾಗಿ ಪೇರಿಸುವ ತ್ರೀಡಿ ಪ್ರಿಂಟರಿನವರೆಗೆ ದಾರಿ ತೆರೆದಿದೆಯಾದರೂ, ಚಿತ್ರದುರ್ಗ ಸೀಮೆಯ ವಿಜ್ಞಾನ ವಸ್ತುಪ್ರದರ್ಶನಗಳಲ್ಲಿ ಥರ್ಮಾಕೋಲ್ ಮತ್ತು ಫೆವಿಕಾಲ್‌ಗಳ ಸಾರ್ವಭೌಮತ್ವಕ್ಕೆ ಇನ್ನೂ ಚ್ಯುತಿ ಬಂದಿಲ್ಲ.

ಹಿರಿಯೂರಿನ ಮಕ್ಕಳಿಗೆ ಮಾದರಿಯ ವಸ್ತು ಮನೆ ಬಾಗಿಲಲ್ಲೇ ಇದೆ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು, ಅಂದರೆ ಜನರ ಬಾಯಲ್ಲಿನ ಮಾರಿಕಣಿವೆಯು, 1933ರಲ್ಲಿ ಕೋಡಿ ಬಿದ್ದ ಬಳಿಕ ಮತ್ತೊಮ್ಮೆ ಕೋಡಿ ಬೀಳಲು 2022ರವರೆಗೆ ಕಾಯಿಸಿತು. ಮಕ್ಕಳು ಕಟ್ಟಿದ ಮಾರಿಕಣಿವೆಯಾದರೋ ಅರ್ಧ ಚೊಂಬು ನೀರಿಗೇ ಬುಡದಿಂದ ಕೋಡಿ ಬಿದ್ದು, ತೀರ್ಪುಗಾರರು ಬರುವ ಮುನ್ನವೇ ಪಕ್ಕದ ಮೇಜಿನ ಜ್ವಾಲಾಮುಖಿಯನ್ನು ಆರಿಸಿಬಿಡುತ್ತದೆ. ಎಂ-ಸೀಲ್ ಮೆತ್ತಿದ ಬಿರುಕಿಗೆ ಬೆರಳೊತ್ತಿ ನಿಂತ ಬಾಲಕನು ಅದೇ ಭಂಗಿಯಲ್ಲಿ ಅಣೆಕಟ್ಟಿನ ಇತಿಹಾಸವನ್ನು ಒಪ್ಪಿಸುವುದನ್ನು ಕಂಡವರು, ಬಹುಮಾನವನ್ನು ಆ ಬೆರಳಿಗೇ ಕೊಡಬೇಕೆಂದು ಒಪ್ಪಬೇಕಾಗುತ್ತದೆ.

ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಗಟ್ಟಿ ನಿಂತ ಗಾಳಿಯಂತ್ರಗಳ ಮಾದರಿಗೆ ಇರುವ ತೊಡಕು ಬೇರೆ. ಕೊಠಡಿಯೊಳಗೆ ಗಾಳಿ ಬೀಸದ ಕಾರಣ ಅದರ ರೆಕ್ಕೆಗಳನ್ನು ಕರೆಂಟಿನ ಫ್ಯಾನಿನಿಂದ ತಿರುಗಿಸಿ, ಹಾಗೆ ಹುಟ್ಟಿದ ವಿದ್ಯುತ್ತಿನಿಂದ ಕಡಲೆಕಾಳಿನಷ್ಟು ಎಲ್‌ಇಡಿ ದೀಪವೊಂದನ್ನು ಬೆಳಗಿಸುವುದು ವಾಡಿಕೆ. ಲಾಭನಷ್ಟದ ಲೆಕ್ಕ ಕೇಳುವುದು ಶಿಷ್ಟಾಚಾರವಲ್ಲ. ಹೊಳಲ್ಕೆರೆ, ಹೊಸದುರ್ಗಗಳ ಕಡೆ ಅಡಿಕೆಯನ್ನೋ ತೆಂಗಿನಕಾಯಿಯನ್ನೋ ಸುಲಿಯುವ ಯಂತ್ರಗಳತ್ತ ಒಲವು ಹೆಚ್ಚು. ಅವು ಕಾಯಿಯನ್ನು ಮುಟ್ಟದಿದ್ದರೂ ತಯಾರಕನ ಹೆಬ್ಬೆರಳನ್ನು ಬಿಡುವುದಿಲ್ಲವೆಂಬ ಸಂಗತಿಯನ್ನು ವಿವರಣಾ ಫಲಕದಲ್ಲಿ ‘ಮುಂದಿನ ಸುಧಾರಣೆಗಳು’ ಎಂಬ ಶೀರ್ಷಿಕೆಯಡಿ ದುಂಡಗೆ ಬರೆದಿರುತ್ತಾರೆ.