ಮಾಜಿ ಅತಿಥಿ ಮೀಮಾಂಸೆ

ಅತಿಥಿಯನ್ನು ದೇವರೆಂದು ಕಾಣಬೇಕೆಂದು ಉಪನಿಷತ್ತಿನವರು ಅಪ್ಪಣೆ ಕೊಡಿಸಿದರು. ಬಂದು, ಮಾತಾಡಿ, ಕಾಫಿ ಕುಡಿದು, ಶಾಲು ಹೊದೆಸಿಕೊಂಡು ಹೋದ ಮೇಲೆ ಆ ದೇವರ ಗತಿ ಏನೆಂಬ ವಿಷಯದಲ್ಲಿ ಮಾತ್ರ ಮೌನ ತಾಳಿದರು. ಮಾಜಿ ಶಾಸಕನಿಗೆ ಪಿಂಚಣಿ ಇದೆ, ಮಾಜಿ ಸೈನಿಕನಿಗೆ ಕ್ಯಾಂಟೀನು ಇದೆ. ಮಾಜಿ ಅತಿಥಿಗೆ ಯಾವ ಸ್ಮೃತಿಯಲ್ಲೂ ಏನೂ ಇಲ್ಲ. ಈ ಲೋಪ ಸರಿಪಡಿಸಲೆಂದೇ ಪತ್ರಿಕೆಗಳೂ ಚಾನೆಲ್ಲುಗಳೂ ಈಚೆಗೆ ಪಾಡ್‌ಕಾಸ್ಟಿನವರೂ ವಾರ್ಷಿಕೋತ್ಸವದ ಭೋಜನವೆಂಬ ಕರ್ಮವನ್ನು ಆಚರಣೆಗೆ ತಂದಿದ್ದಾರೆ. ಅದಕ್ಕೆ ಭಾಷ್ಯ ಬರೆಯುವ ಯೋಗ್ಯತೆ ನನಗಿದೆ. ಉಂಡವನು ನಾನು.

ಮೊದಲು ನಿರುಕ್ತಿ. ತಿಥಿ ಹೇಳದೆ ಬರುವವನು ಅತಿಥಿ. ತಿಥಿ ಗೊತ್ತುಮಾಡಿ, ವಾಟ್ಸ್‌ಆ್ಯಪಿನಲ್ಲಿ ಮೂರು ಸಲ ನೆನಪಿಸಿ, ಅಡುಗೆ ಕಂಟ್ರಾಕ್ಟರಿಗೆ ತಲೆ ಲೆಕ್ಕ ಕೊಡಬೇಕು ಎಂದು ಪೀಡಿಸಿ ಕರೆಸಿದವನು ಅತಿಥಿ ಹೇಗಾದಾನು? ಇದು ಪೂರ್ವಪಕ್ಷ. ಸಿದ್ಧಾಂತ ಸರಳವಾಗಿದೆ. ವರ್ಷಕ್ಕೊಮ್ಮೆ ಗೊತ್ತಾದ ದಿನ ಜನರನ್ನು ಕೂರಿಸಿ, ವಡೆ ಪಾಯಸ ಬಡಿಸಿ, ಕಳೆದುಹೋದವರನ್ನು ನೆನೆಯುವ ಕರ್ಮಕ್ಕೆ ನಮ್ಮಲ್ಲಿ ಆಗಲೇ ಒಂದು ಹೆಸರಿದೆ: ತಿಥಿ. ಅಲ್ಲಿ ಪಿತೃಗಳು, ಇಲ್ಲಿ ಹಳೆಯ ಸಂಚಿಕೆಗಳು. ಅಲ್ಲಿ ಕಾಗೆ ಪಿಂಡ ಮುಟ್ಟುವವರೆಗೆ ಮನೆಯವರಿಗೆ ಊಟವಿಲ್ಲ. ಇಲ್ಲಿ ಪ್ರಾಯೋಜಕರು ಬಂದು ತಟ್ಟೆ ಮುಟ್ಟುವವರೆಗೆ.

ಇನ್ನು ಪರಂಪರೆ. 1935ರಲ್ಲಿ ಮೈಸೂರಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಬಾನುಲಿ ಕೇಂದ್ರ ತೆರೆದರು. ಸ್ಟುಡಿಯೋಗೂ ಅಡುಗೆಮನೆಗೂ ಸೂರು ಒಂದೇ ಆದಮೇಲೆ ವಾರ್ಷಿಕ ಭೋಜನದ ಪ್ರಶ್ನೆಯೇ ಏಳುವುದಿಲ್ಲ. ಒಗ್ಗರಣೆಯ ವಾಸನೆ ಮೈಕಿನವರೆಗೂ ಬರುತ್ತದೆ. ಪ್ರಸಾರ ಅಡುಗೆಮನೆ ಬಿಟ್ಟು ದೂರ ಹೋದಷ್ಟೂ ಇಂಥ ಔತಣಗಳ ಅಗತ್ಯ ಹೆಚ್ಚಿತೆಂಬುದು ನನ್ನ ಮತ. ಪ್ರತಿಮತವಿದ್ದವರು ಬೇರೆ ಪ್ರಬಂಧ ಬರೆಯಬಹುದು.

ಈ ಕರ್ಮದ ಮಹಾಯಾಗ ನಡೆದದ್ದು 1963ರ ಮೇ 6ರಂದು, ನ್ಯೂಯಾರ್ಕಿನ ವಾಲ್ಡಾರ್ಫ್ ಅಸ್ಟೋರಿಯಾ ಹೋಟೆಲಿನಲ್ಲಿ. ಯಜಮಾನರು ಹೆನ್ರಿ ಲೂಸ್. 1923ರಲ್ಲಿ ಬ್ರಿಟನ್ ಹ್ಯಾಡನ್ ಜೊತೆ ಸೇರಿ ಅವರು ಶುರುಮಾಡಿದ ‘ಟೈಮ್’ ವಾರಪತ್ರಿಕೆಗೆ 40 ತುಂಬಿತ್ತು. ಮುಖಪುಟದಲ್ಲಿ ಮುಖ ಬಂದವರಿಗೆ ಕರೆಯೋಲೆ ಹೋಯಿತು. 200ಕ್ಕೂ ಹೆಚ್ಚು ಮುಖಗಳು ಊಟಕ್ಕೆ ಬಂದವು. ಮೊಟ್ಟಮೊದಲ ಮುಖಪುಟದ ಜೋಸೆಫ್ ಕ್ಯಾನನ್ 1926ರಲ್ಲೇ ತೀರಿಕೊಂಡಿದ್ದರು. 1930ರ ‘ವರ್ಷದ ವ್ಯಕ್ತಿ’ ಗಾಂಧೀಜಿಯೂ ಇರಲಿಲ್ಲ. ಇದ್ದು, ಬಂದೂ ಬಿಟ್ಟಿದ್ದರೆ ಹೋಟೆಲಿನವರು ರಾತ್ರೋರಾತ್ರಿ ಆಡಿನ ಹಾಲಿಗೆ ಎಲ್ಲಿಗೆ ಓಡಬೇಕಿತ್ತು? ಮುಖ್ಯ ಭಾಷಣ ಪಾಲ್ ಟಿಲಿಕ್ ಎಂಬ ಕ್ರೈಸ್ತ ತತ್ತ್ವಜ್ಞಾನಿಯದು. ಅವರೂ 1959ರಲ್ಲಿ ಮುಖಪುಟವೇರಿದವರೇ. ಸಿನಿಮಾದವರು, ಉದ್ಯಮಿಗಳು, ರಾಜಕಾರಣಿಗಳೆಲ್ಲ ಕೂತಿದ್ದ ಪಂಕ್ತಿಯೆದುರು ನಿಂತು ಅವರು ಈ ಕಾಲದ ಮನುಷ್ಯನ ಸ್ಥಿತಿಗತಿಯನ್ನು ವಿಚಾರಿಸಿದರು. ಊಟಕ್ಕೆ ಕರೆದು ತತ್ತ್ವ ಬಡಿಸುವ ಸಂಪ್ರದಾಯಕ್ಕೆ ಇದಕ್ಕಿಂತ ದೊಡ್ಡ ಪ್ರಮಾಣ ಬೇಡ.

ಆ ಪತ್ರಿಕೆಯ ಮುಖಪುಟ ಹೊಗಳಿಕೆಗೂ ಸಿಗುತ್ತಿತ್ತು, ಬೈಗುಳಕ್ಕೂ ಸಿಗುತ್ತಿತ್ತು. ಎರಡೂ ಬಗೆಯವರು ಒಂದೇ ಕಡೆ ಉಣ್ಣುವುದು ಪಂಕ್ತಿಭೇದವನ್ನು ಮುರಿದಂತೆಯೋ, ನೆನಪನ್ನು ಮುರಿದಂತೆಯೋ ಎಂಬುದು ಗಹನವಾದ ಪ್ರಶ್ನೆ. ಬಿಡೋಣ, ಊಟ ತಣ್ಣಗಾಗುತ್ತದೆ.

ಪ್ರತ್ಯಕ್ಷ ಪ್ರಮಾಣಕ್ಕೆ ಬರುತ್ತೇನೆ. ಬೆಂಗಳೂರಿನ ಒಂದು ಪಾಡ್‌ಕಾಸ್ಟಿಗೆ ನಾನು ಮಾಜಿ ಅತಿಥಿ. ಅವರ ಮೊದಲ ವರ್ಷದ ಔತಣಕ್ಕೆ ಏಳೂವರೆಗೆ ಹೋದೆ. ಬಾಗಿಲಲ್ಲೇ ಕೊರಳಿಗೊಂದು ಬಿಲ್ಲೆ ತೂಗುಹಾಕಿದರು: ‘ಸಂಚಿಕೆ 17’. ಹೆಸರಿಗೆ ಜಾಗ ಸಾಲಲಿಲ್ಲವಂತೆ. ಎದುರಿಗೆ ಬಂದ ಸಂಚಿಕೆ 9 ನನ್ನ ಬಿಲ್ಲೆ ನೋಡಿ, “ನಿಮ್ದು ನೋಡಿದೀನಿ ಸಾರ್, ಹಾವಿನ ಬಗ್ಗೆ ಅಲ್ವಾ?” ಎಂದರು. ನಾನು ಮಾತಾಡಿದ್ದು ಹಳಗನ್ನಡ ಛಂದಸ್ಸಿನ ಬಗ್ಗೆ. ಹೌದೆಂದೆ. ನಾನೂ ಅವರದನ್ನು ನೋಡಿರಲಿಲ್ಲ.

ಭಾಷಣ ನಡೆದೇ ನಡೆಯಿತು. ಒಂಬತ್ತೂ ಮುಕ್ಕಾಲಿಗೆ ಪ್ರಾಯೋಜಕರ ದರ್ಶನವಾಗಿ ಮುಚ್ಚಳಗಳು ತೆರೆದವು. ತಟ್ಟೆಗೆ ಬಿಸಿಬೇಳೆಬಾತ್ ಹಾಕಿಸಿಕೊಂಡು, ಮೇಲೆ ಬೂಂದಿ ಉದುರಿಸಿ, ಮೊದಲ ತುತ್ತು ಬಾಯಿಗಿಡುವಷ್ಟರಲ್ಲಿ ಗಲ್ಲದ ಕೆಳಗೊಂದು ಮೈಕು ಬಂತು. “ಸಾರ್, ಒಂದು ಬೈಟ್ ಕೊಡಿ.” ಕೊಡುವ ಬೈಟಿಗೂ ತಿನ್ನುವ ಬೈಟಿಗೂ ನಡುವೆ ಬಾಯಿ ಒಂದೇ ಇರುವುದು ಮಾಧ್ಯಮಶಾಸ್ತ್ರದ ಮೂಲ ಸಮಸ್ಯೆ. ನಾನು ಅಗಿಯುತ್ತಲೇ ಅಭಿನಂದನೆ ಹೇಳಿದೆ. ಆ ತುಣುಕು ಮರುದಿನವೇ ಹೊರಬಂತು. ನನ್ನ ಛಂದಸ್ಸಿಗಿಂತ ಅದನ್ನು ನೋಡಿದವರೇ ಹೆಚ್ಚು. ಅಲ್ಲಿಗೆ ಈ ಕರ್ಮದ ಫಲಶ್ರುತಿ ತಿಳಿಯಿತು. ನಮ್ಮನ್ನು ಊಟಕ್ಕೆ ಕರೆದಿರಲಿಲ್ಲ, ಇನ್ನೊಂದು ಸಂಚಿಕೆಗೆ ಕರೆದಿದ್ದರು. ಅದಕ್ಕೆ ಶಾಲೂ ಇಲ್ಲ.

ಮೈಕಿನವನು ಅತ್ತ ಹೋಗುವಷ್ಟರಲ್ಲಿ ಒಬ್ಬಟ್ಟು ಮುಗಿದಿತ್ತು. ಆದ್ದರಿಂದ ಭಾವೀ ಮಾಜಿ ಅತಿಥಿಗಳಲ್ಲಿ ವಿನಂತಿ: ಕರೆಯೋಲೆಯಲ್ಲಿ ಏಳೂವರೆ ಎಂದಿದ್ದರೆ ಮನೆಯಲ್ಲೇ ಎರಡು ತುತ್ತು ಮೊಸರನ್ನ ಉಂಡು ಹೊರಡಿ.