ಅಧ್ಯಕ್ಷಾನಂದ ಮೀಮಾಂಸೆ

ತೈತ್ತಿರೀಯ ಉಪನಿಷತ್ತಿನ ಬ್ರಹ್ಮಾನಂದವಲ್ಲಿಯು ಆನಂದವನ್ನು ಅಳೆಯುವುದಕ್ಕೆ ಒಂದು ಕ್ರಮವನ್ನು ಹಾಕಿಕೊಟ್ಟಿದೆ. ಯುವಕನೂ ದೃಢಕಾಯನೂ ವಿದ್ಯಾವಂತನೂ ಆದವನಿಗೆ ಸಂಪತ್ತು ತುಂಬಿದ ಇಡೀ ಭೂಮಿಯೇ ದೊರೆತಾಗ ಆಗುವ ಸುಖವನ್ನು ಮನುಷ್ಯಾನಂದವೆಂಬ ಮೂಲಮಾನವಾಗಿ ಇಟ್ಟುಕೊಂಡು, ಅದರ ನೂರು ಪಟ್ಟು ಮನುಷ್ಯಗಂಧರ್ವರದು, ಅದರ ನೂರು ಪಟ್ಟು ದೇವಗಂಧರ್ವರದು ಎಂದು ಮೆಟ್ಟಿಲೇರುತ್ತ, ಇಂದ್ರ, ಬೃಹಸ್ಪತಿ, ಪ್ರಜಾಪತಿಗಳನ್ನು ದಾಟಿ ಬ್ರಹ್ಮಾನಂದವನ್ನು ಮುಟ್ಟುವ ಈ ಗಣಿತದಲ್ಲಿ ಒಂದೇ ಒಂದು ಲೋಪವಿದೆ: ಬೆಂಗಳೂರಿನ ಅಪಾರ್ಟ್‌ಮೆಂಟ್ ಮಾಲೀಕರ ಸಂಘದ ಅಧ್ಯಕ್ಷರು ಯಾವ ಮೆಟ್ಟಿಲಿನ ಮೇಲೆ ನಿಲ್ಲತಕ್ಕವರೆಂಬುದನ್ನು ಅದು ಹೇಳುವುದಿಲ್ಲ. ಸಂಬಳವಿಲ್ಲದೆ, ಭತ್ಯೆಯಿಲ್ಲದೆ, ಎಷ್ಟೋ ರಾತ್ರಿ ನಿದ್ದೆಯೂ ಇಲ್ಲದೆ ದುಡಿದು, ಅವಧಿ ಮುಗಿದ ಮೇಲೂ ಬೀರುವಿನ ಬೀಗದ ಕೈಯನ್ನು ಒಪ್ಪಿಸಲು ಮನಸ್ಸಾಗದ ಈ ವರ್ಗದವರು ಅನುಭವಿಸುವ ವಿಶೇಷ ತೃಪ್ತಿಯನ್ನು ಪ್ರಸ್ತುತ ಪ್ರಬಂಧದಲ್ಲಿ ‘ಅಧ್ಯಕ್ಷಾನಂದ’ ಎಂದು ಕರೆಯಲಾಗಿದೆ.

ಇಂಥ ಸಂಘವು 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಡಿ ನೋಂದಣಿಯಾಗಬೇಕೋ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಅಧಿನಿಯಮದಡಿಯೋ ಎಂಬ ವಿವಾದವು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದೆಯಾದರೂ, ಅದರಿಂದ ಆನಂದದ ಪ್ರಮಾಣದಲ್ಲಿ ವ್ಯತ್ಯಾಸವೇನೂ ಆಗದ ಕಾರಣ ಇಲ್ಲಿ ಕೈಬಿಡಲಾಗಿದೆ. ಮುಖ್ಯವಾದದ್ದು ಆಯ್ಕೆಯ ವಿಧಾನ. ಇದಕ್ಕೆ ‘ಅನಿಚ್ಛಾ ಸ್ವಯಂವರ’ವೆಂದು ಹೆಸರಿಡಬಹುದು. ವಾರ್ಷಿಕ ಮಹಾಸಭೆಯಲ್ಲಿ ಹಾಲಿ ಅಧ್ಯಕ್ಷರು “ಈ ಸಲ ನನ್ನನ್ನು ಬಿಟ್ಟುಬಿಡಿ, ಯುವಕರು ಯಾರಾದರೂ ಮುಂದೆ ಬರಲಿ” ಎಂದು ಮೂರಕ್ಕೆ ಕಡಿಮೆಯಿಲ್ಲದಷ್ಟು ಸಲ ಹೇಳುವುದು, ಯುವಕರು ಮೊಬೈಲಿನೊಳಗೆ ತಲೆ ತಗ್ಗಿಸುವುದು, ಹಿಂದಿನ ಸಾಲಿನ ಹಿರಿಯರೊಬ್ಬರು “ಸಾರ್, ನೀವೇ ಮುಂದುವರಿಯಿರಿ” ಎನ್ನುವುದು, ಅಷ್ಟರಲ್ಲಿ ಬೋಂಡ–ಕಾಫಿ ಬಂದು ಸಭೆ ತಾನಾಗಿ ಎದ್ದುಹೋಗುವುದು, ಇವಿಷ್ಟೂ ಅದರ ಅಂಗಗಳು. ಅಪ್ಪಿತಪ್ಪಿ ಯುವಕನೊಬ್ಬನು ನಿಜಕ್ಕೂ ಕೈಯೆತ್ತಿದಲ್ಲಿ ಅವನಿಗೆ ಬೈಲಾ ಓದಿ ಹೇಳಲಾಗುತ್ತದೆ. ಅವನು ಬಾಡಿಗೆದಾರನೆಂದೋ, ಮಾಲೀಕನೇ ಆದರೆ ಎರಡು ತಿಂಗಳ ಮೇಂಟೆನೆನ್ಸ್ ಬಾಕಿ ಉಳಿಸಿಕೊಂಡವನೆಂದೋ ಆಗ ತಿಳಿದುಬರುತ್ತದೆ.

ಮೈಸೂರಿನ ಆರ್. ಶಾಮಶಾಸ್ತ್ರಿಗಳು ಓಲೆಗರಿಗಳ ನಡುವೆ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರವು ರಾಜ್ಯಕ್ಕೆ ಏಳು ಅಂಗಗಳಿವೆಯೆನ್ನುತ್ತದೆ. ಸ್ವಾಮಿ ಎಂದರೆ ಅಧ್ಯಕ್ಷರು, ಜನಪದವೆಂದರೆ ಫ್ಲಾಟ್‌ಗಳಲ್ಲಿ ವಾಸಿಸುತ್ತ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಜೀವಿಸುವವರು, ದುರ್ಗವೆಂದರೆ ಕಾಂಪೌಂಡು, ಕೋಶವು ಕಾರ್ಪಸ್ ಫಂಡು, ದಂಡವು ತಡವಾಗಿ ಕಟ್ಟಿದವರ ಮೇಲೆ ಹಾಕಿ ಆಮೇಲೆ ಮನ್ನಾ ಮಾಡುವ ಬಡ್ಡಿ, ಮಿತ್ರನು ಟ್ಯಾಂಕರ್ ಮಾಲೀಕ. ಅಮಾತ್ಯನ ಸ್ಥಾನದಲ್ಲಿರುವ ಕಾರ್ಯದರ್ಶಿಯೇ ಲಿಫ್ಟಿನ ಎಎಂಸಿ, ಎಸ್‌ಟಿಪಿಯ ವಾಸನೆ, ಜನರೇಟರಿನ ಡೀಸೆಲ್ಲು ಮೊದಲಾದ ಸಕಲ ಕಾರ್ಯಗಳನ್ನೂ ನಿರ್ವಹಿಸುವವರಾದರೂ ಅವರಲ್ಲಿ ಆನಂದದ ಸುಳಿವು ಕಂಡುಬರದಿರುವುದರಿಂದ, ಅಧ್ಯಕ್ಷಾನಂದಕ್ಕೂ ಕೆಲಸಕ್ಕೂ ಕಾರ್ಯಕಾರಣ ಸಂಬಂಧವಿಲ್ಲವೆಂಬುದು ಸಿದ್ಧವಾಗುತ್ತದೆ. (ಖಜಾಂಚಿಯ ವಿಷಯ ಬೇರೆ, ಅವರಿಗೆ ಮಾತನಾಡಲು ಪುರಸೊತ್ತಿಲ್ಲ.)

ಹಾಗಾದರೆ ಆನಂದದ ಮೂಲವೆಲ್ಲಿ? ಅಮೆರಿಕದ ಮನಶ್ಶಾಸ್ತ್ರಜ್ಞ ಅಬ್ರಹಾಂ ಮಾಸ್ಲೋ 1943ರಲ್ಲಿ ಮಂಡಿಸಿದ ಸಿದ್ಧಾಂತದಂತೆ, ಅನ್ನ ನೀರುಗಳಂಥ ದೈಹಿಕ ಅಗತ್ಯಗಳು ತಕ್ಕಮಟ್ಟಿಗೆ ಪೂರೈಸಿದ ಮೇಲೆ ಮನುಷ್ಯನು ಭದ್ರತೆ, ಪ್ರೀತಿ, ಮನ್ನಣೆಗಳನ್ನು ಹಾದು ಆತ್ಮಸಾಫಲ್ಯದ ಕಡೆಗೆ, ಅಂದರೆ ತಾನು ಏನಾಗಬಲ್ಲನೋ ಅದೇ ಆಗುವ ಕಡೆಗೆ ಸಾಗುತ್ತಾನೆ. ಮಾಸ್ಲೋ ಮಹಾಶಯರು ಒಬ್ಬನೇ ಮನುಷ್ಯನನ್ನು ಗಮನದಲ್ಲಿಟ್ಟುಕೊಂಡು ಬರೆದದ್ದರಿಂದ, ಇನ್ನೂರು ಮನೆಗಳ ಮೊದಲನೆಯ ಅಗತ್ಯವು ಈಡೇರದೆ ಉಳಿದಾಗಲೇ ಒಬ್ಬರ ಕೊನೆಯ ಅಗತ್ಯವು ಈಡೇರುವ ಸಂದರ್ಭವು ಅವರ ಕಣ್ಣಿಗೆ ಬಿದ್ದಿಲ್ಲ. ಪ್ರಜೆಗಳು ಸುಖವಾಗಿದ್ದರೆ ಮಾತ್ರ ಅರಸನಿಗೆ ಸುಖವೆಂದು ಬಗೆದ ಕೌಟಿಲ್ಯನೂ ಇಲ್ಲಿ ಎಡವಿದ್ದಾನೆ. ಓವರ್‌ಹೆಡ್ ಟ್ಯಾಂಕು ತುಂಬಿದ ದಿನ ಅಧ್ಯಕ್ಷರನ್ನು ಲಿಫ್ಟಿನಲ್ಲಿ ಯಾರೂ ಮಾತನಾಡಿಸುವುದಿಲ್ಲ. ಟ್ಯಾಂಕು ಬರಿದಾದಷ್ಟೂ ಆನಂದವು ತುಂಬುತ್ತದೆಂಬುದೇ ಈ ಪ್ರಬಂಧದ ಪ್ರತಿಪಾದ್ಯ.

ಇದಕ್ಕೆ ಅತ್ಯುತ್ತಮ ನಿದರ್ಶನವು 2024ರ ಬೇಸಿಗೆ. ಬೋರ್‌ವೆಲ್‌ಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದವರಿಗೆ ಜಲಮಂಡಳಿಯು 5,000 ರೂಪಾಯಿ ದಂಡವನ್ನು ಘೋಷಿಸಿದ್ದ, ಐದು ಕಿಲೋಮೀಟರಿನೊಳಗಿನ 12,000 ಲೀಟರ್ ಟ್ಯಾಂಕರಿಗೆ ಜಿಲ್ಲಾಡಳಿತವು 1,000 ರೂಪಾಯಿ ದರವನ್ನು ಗೊತ್ತುಮಾಡಿದ್ದ ಆ ದಿನಗಳಲ್ಲಿ ಅಧ್ಯಕ್ಷವರ್ಗವು ಹಿಂದೆಂದೂ ಕಾಣದ ತೇಜಸ್ಸನ್ನು ಪಡೆಯಿತು. ರಾತ್ರಿ ಒಂದೂವರೆಗೆ ಗೇಟಿನ ಬಳಿ ಹಾರನ್ ಕೇಳಿಸುತ್ತದೆ. ಲುಂಗಿಯ ಮೇಲೆ ಸ್ವೆಟರ್ ತೊಟ್ಟ ಅಧ್ಯಕ್ಷರು ಹವಾಯಿ ಚಪ್ಪಲಿಯಲ್ಲಿ ಇಳಿದು ಬರುತ್ತಾರೆ. ಸೆಕ್ಯುರಿಟಿಯವನು ಸಂಪಿನ ಮುಚ್ಚಳವನ್ನು ಸರಿಸಿದೊಡನೆ ಮೊಬೈಲಿನ ಬೆಳಕನ್ನು ಒಳಗೆ ಬಿಟ್ಟು, ಗೋಡೆಯ ಪಾಚಿಯ ಗೆರೆಗೂ ನೀರಿಗೂ ಇರುವ ಅಂತರವನ್ನು ಬಗ್ಗಿ ನೋಡಿ, ಎಂಜಿನಿಯರಿಂಗ್ ಪದವಿಗೆ ಕೊನೆಗೂ ಒಂದು ಉಪಯೋಗ ಒದಗಿತೆಂಬ ಗಾಂಭೀರ್ಯದಿಂದ “ಮುಕ್ಕಾಲಡಿ” ಎನ್ನುತ್ತಾರೆ. ಪೈಪು ಬಿಗಿದು ನೀರು ಬೀಳಲಾರಂಭಿಸಿದ ಮೇಲೆ ಟ್ಯಾಂಕರಿನ ಹಿಂಭಾಗ, ನಂಬರ್ ಪ್ಲೇಟು, ತಮ್ಮ ಚಪ್ಪಲಿಯ ಒಂದು ತುದಿ ಇಷ್ಟೂ ಸೇರುವಂತೆ ಚಿತ್ರ ತೆಗೆದು ಗುಂಪಿಗೆ ಹಾಕುತ್ತಾರೆ. ಅಡಿಬರಹ: “ಒಂದು ಲೋಡ್ ಬಂದಿದೆ. ದಯವಿಟ್ಟು ಮಿತವಾಗಿ ಬಳಸಿ.” ಬೆಳಗಾಗುವಷ್ಟರಲ್ಲಿ ಅದರ ಕೆಳಗೆ ಮೂಡುವ ಕೈಮುಗಿದ ಚಿಹ್ನೆಗಳ ಸಾಲನ್ನು ಅಧ್ಯಕ್ಷರು ಹಲ್ಲುಜ್ಜುತ್ತ ಎಣಿಸುವ ಕ್ಷಣವನ್ನು, ತೈತ್ತಿರೀಯದ ಮಾನದಂಡದಲ್ಲಿ, ಬೃಹಸ್ಪತಿಗಿಂತ ಕೆಳಗೆ ಇಡುವುದು ಅನ್ಯಾಯವಾದೀತು.

ಆನಂದದ ಉಪಶಾಖೆಗಳಲ್ಲಿ ‘ವಿವರಣಾನಂದ’ವೂ ಉಲ್ಲೇಖಾರ್ಹವಾಗಿದೆ. ಮನೆಯೊಂದರ ಮಾಸಿಕ ಮೇಂಟೆನೆನ್ಸ್ 7,500 ರೂಪಾಯಿಯನ್ನೂ ಸಂಘದ ವಾರ್ಷಿಕ ವಹಿವಾಟು 20 ಲಕ್ಷವನ್ನೂ ಮೀರಿದರೆ ಶೇಕಡ 18ರ ಜಿಎಸ್‌ಟಿ ಬೀಳುವುದಷ್ಟೆ. ಅದು ಇಡೀ ಮೊತ್ತದ ಮೇಲೋ 7,500ಕ್ಕಿಂತ ಹೆಚ್ಚಾದುದರ ಮೇಲೋ ಎಂಬ ಪ್ರಶ್ನೆಯನ್ನು, ನಾಯಿಯನ್ನು ಹಿಡಿದುಕೊಂಡು ಲಿಫ್ಟಿಗಾಗಿ ಕಾದಿರುವ ನಿವಾಸಿಗೆ ಪೂರ್ವಪಕ್ಷ, ಸಿದ್ಧಾಂತಗಳ ಸಮೇತ ಬಿಡಿಸಿ ಹೇಳುವಾಗ ಅಧ್ಯಕ್ಷರ ಮುಖದಲ್ಲಿ ಮೂಡುವ ಕಾಂತಿಯು ಆ ನಾಯಿಯ ಗಮನಕ್ಕೂ ಬರುತ್ತದೆ. ಬೈಗುಳವು ಆನಂದವನ್ನು ಕುಂದಿಸುತ್ತದೆಂಬ ಸಾಮಾನ್ಯ ನಂಬಿಕೆಗೂ ಆಧಾರವಿಲ್ಲ. “ಎಷ್ಟು ಮಾಡಿದರೂ ಈ ಜನಕ್ಕೆ ಅಷ್ಟೇ” ಎಂದು ಮನೆಯವರ ಮುಂದೆ ನಿಟ್ಟುಸಿರುಬಿಡುವ ಹಕ್ಕು ಬೈಸಿಕೊಂಡವರಿಗೆ ಮಾತ್ರ ದಕ್ಕುವುದರಿಂದ, ಅನುಭವಿ ಅಧ್ಯಕ್ಷರು ಮೇಂಟೆನೆನ್ಸ್ ಕಟ್ಟದವರ ಪಟ್ಟಿಯನ್ನು ವರ್ಷಕ್ಕೊಮ್ಮೆಯಾದರೂ ನೋಟಿಸ್ ಬೋರ್ಡಿಗೆ ಅಂಟಿಸಿ ಬೈಗುಳದ ಸರಬರಾಜು ನಿಲ್ಲದಂತೆ ನೋಡಿಕೊಳ್ಳುತ್ತಾರೆ. ಮಾಜಿಗಳಾದವರ ಆನಂದವು ಪ್ರತಿ ನೋಟಿಸಿನ ಕೆಳಗೂ “ನಮ್ಮ ಕಾಲದಲ್ಲಿ ಹೀಗಿರಲಿಲ್ಲ” ಎಂದು ಬರೆಯುವ ರೂಪದಲ್ಲಿ ಉಳಿದಿರುತ್ತದೆ.

ಈ ಆನಂದಕ್ಕೆ ಇತ್ತೀಚೆಗೆ ಒದಗಿದ ದೊಡ್ಡ ಆಪತ್ತೆಂದರೆ, ನಗರಕ್ಕೆ ಸೇರಿದ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರನ್ನು ತರಲೆಂದು ರೂಪಿಸಿದ, 2024ರ ಅಕ್ಟೋಬರ್ 16ರಂದು ಉದ್ಘಾಟನೆಗೊಂಡ ಕಾವೇರಿ ಐದನೇ ಹಂತ. ನಲ್ಲಿಯಲ್ಲಿ ತಾನಾಗಿ ನೀರು ಬರುವ ಕಟ್ಟಡದಲ್ಲಿ ಅಧ್ಯಕ್ಷರ ಗತಿಯೇನೆಂಬ ಕಳವಳವು ಸಹಜವಾದದ್ದೇ. ಆದರೆ ಕಾವೇರಿ ಸಂಪರ್ಕವನ್ನು ಪಡೆಯುವ ಮೊದಲು ಅರ್ಜಿ, ಶುಲ್ಕ, ಆ ಶುಲ್ಕವನ್ನು ಚದರಡಿ ಲೆಕ್ಕದಲ್ಲಿ ವಸೂಲು ಮಾಡಬೇಕೋ ಮನೆ ಲೆಕ್ಕದಲ್ಲೋ ಎಂಬ ಚರ್ಚೆ, ಚರ್ಚೆಗೆ ವಿಶೇಷ ಮಹಾಸಭೆ, ಸಭೆಗೆ ಕೋರಂ ಸಾಲದೆ ಅರ್ಧ ಗಂಟೆ ಮುಂದೂಡಿಕೆ ಇವೆಲ್ಲ ಆಗಬೇಕಾಗಿರುವುದರಿಂದ ತಕ್ಷಣಕ್ಕೆ ಗಾಬರಿಪಡುವ ಕಾರಣವಿಲ್ಲ. ದೂರದೃಷ್ಟಿಯುಳ್ಳ ಅಧ್ಯಕ್ಷರಾದರೋ ಈಗಾಗಲೇ ಅತಿಥಿಗಳ ಕಾರು ನಿಲ್ಲಿಸುವ ಜಾಗದ ಬಗ್ಗೆ ಉಪಸಮಿತಿಯೊಂದನ್ನು ರಚಿಸಿದ್ದು, ಬೇರೆ ಯಾರೂ ಮುಂದೆ ಬಾರದ ಕಾರಣ, ಒಲ್ಲದ ಮನಸ್ಸಿನಿಂದಲೇ ಅದರ ಅಧ್ಯಕ್ಷತೆಯನ್ನೂ ವಹಿಸಿಕೊಂಡಿದ್ದಾರೆ.