ಸಂತಿ ಚೀಲದ ತಾತ್ವಿಕ ನೆಲೆಗಳು: ಮಲ್ಲಸಮುದ್ರವನ್ನು ಅನುಲಕ್ಷಿಸಿ ಒಂದು ಅನುಸಂಧಾನ

ಗದಗಿನಿಂದ ಮುಳಗುಂದದ ದಾರಿ ಹಿಡಿದರೆ ಸಿಗುವ ಮಲ್ಲಸಮುದ್ರ, ಜಿಲ್ಲೆಯ ವೈದ್ಯಕೀಯ ಕಾಲೇಜು ಇರುವ ಊರು ಎಂದು ಎಲ್ಲರಿಗೂ ಗೊತ್ತು. ಆದರೆ ಗೃಹಮಿತವ್ಯಯ ಮೀಮಾಂಸೆಯ ಚರಿತ್ರೆಯಲ್ಲಿ ಈ ಊರಿನ ಸ್ಥಾನವೇನು ಎಂಬುದು ಇದುವರೆಗೆ ಯಾವ ಸಂಕಥನಕ್ಕೂ ಒಳಪಟ್ಟಿಲ್ಲ. ಈ ಕೊರತೆಯನ್ನು ನೀಗಿಸುವ ವಿನಮ್ರ ಪ್ರಯತ್ನವೇ ಪ್ರಸ್ತುತ ಪ್ರಬಂಧ. ಇದರಲ್ಲಿ ಲೋಪದೋಷಗಳಿದ್ದರೆ ಅವು ಮಾರ್ಗದರ್ಶಕರವು. ಗುಣಗಳೇನಾದರೂ ಕಂಡರೆ ಪ್ರಬಂಧಕಾರರವು.

ಅಧ್ಯಯನದ ವ್ಯಾಪ್ತಿ: ಒಂದು ನೂಲಿನ ಸಂತಿ ಚೀಲ, ಅದರ ಒಳಗು ಮತ್ತು ಹೊರಗು. ಅಧ್ಯಯನದ ವಿಧಾನ: ಕ್ಷೇತ್ರಕಾರ್ಯ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಯಾದಾಗಿನಿಂದ ಊರಿನ ಹೆಣ್ಣುಮಕ್ಕಳು ವಾಯವ್ಯ ಸಾರಿಗೆಯ ಬಸ್ಸಿನಲ್ಲಿ ಕಾಸು ಬಿಚ್ಚದೆ ಗದಗಿನ ಮಾರ್ಕೆಟ್ಟಿಗೆ ಹೋಗಿ ಬರುತ್ತಾರೆ. ಪ್ರಬಂಧಕಾರರು ಗಂಡಸಾದ ಕಾರಣ ಟಿಕೆಟು ತೆಗೆಸಬೇಕಾಯಿತು. ಉಳಿತಾಯದ ಅಧ್ಯಯನ ಖರ್ಚಿನಿಂದಲೇ ಶುರುವಾದ ಈ ವೈರುಧ್ಯವನ್ನು ಏಳನೇ ಅಧ್ಯಾಯದಲ್ಲಿ ಕೂಲಂಕಷವಾಗಿ ಚರ್ಚಿಸಲಾಗಿದೆ. ಏಳನೇ ಅಧ್ಯಾಯ ಬರೆದಿಲ್ಲ.

ಇಂಥದೊಂದು ಪ್ರಬಂಧಕ್ಕೆ ಪ್ರೇರಣೆ ಯಾರೆಂದರೆ, ಉಳಿತಾಯ ತಜ್ಞರು. ಇವರು ಸ್ವಸಹಾಯ ಸಂಘದ ಸಭೆಗೆ ಕಾರಿನಲ್ಲಿ ಬರುತ್ತಾರೆ. ಗೋಡೆಯ ಮೇಲೆ ಚೌಕಾಕಾರದ ಬೆಳಕು ಬಿಡುತ್ತಾರೆ. ಅಂಗಡಿಗೆ ಹೋಗುವ ಮುಂಚೆ ಪಟ್ಟಿ ಬರೆದುಕೊಳ್ಳಿರಿ, ನಾಲ್ಕು ಕಡೆ ದರ ವಿಚಾರಿಸಿರಿ, ದೊಡ್ಡ ಪಾಕೀಟು ಕೊಳ್ಳಿರಿ, ಬೇಕು-ಬೇಡಗಳ ವಿವೇಚನೆ ಮಾಡಿರಿ, ಎಲ್ಲಕ್ಕೂ ಮಿಗಿಲಾಗಿ ಹಸಿದ ಹೊಟ್ಟೆಯಲ್ಲಿ ಅಂಗಡಿಗೆ ಹೋಗಬೇಡಿರಿ ಎನ್ನುತ್ತಾರೆ. “ಹೊಟ್ಟಿ ತುಂಬಿದ್ರ ಸಂತಿ ಯಾತಕ್ಕ ಬೇಕ್ರೀ ಸಾಹೇಬ್ರ?” ಎಂದು ಹಿಂದಿನ ಸಾಲಿನಿಂದ ಒಂದು ದನಿ ಏಳುತ್ತದೆ. ತಜ್ಞರು ಇದನ್ನು ‘ಸಕ್ರಿಯ ಸಹಭಾಗಿತ್ವ’ ಎಂದು ದಾಖಲಿಸಿಕೊಳ್ಳುತ್ತಾರೆ. “ನಿಮ್ಮ ಮನ್ಯಾಗ ಸಂತಿ ಯಾರು ತರ್ತಾರ್ರೀ?” ಎಂಬ ಎರಡನೇ ಪ್ರಶ್ನೆಗೆ ಉತ್ತರ ಕೊಡಲು ಸಮಯ ಸಾಲುವುದಿಲ್ಲ, ಅಷ್ಟರಲ್ಲಿ ಚಹಾ ಬಂದಿರುತ್ತದೆ.

ಇನ್ನು ಪೂರ್ವಸೂರಿಗಳ ಸಮೀಕ್ಷೆ. 1857ರಲ್ಲಿ ಸ್ಯಾಕ್ಸನಿಯ ಸಂಖ್ಯಾಶಾಸ್ತ್ರಜ್ಞ ಎರ್ನ್ಸ್ಟ್ ಎಂಗೆಲ್ ಒಂದು ಸೂತ್ರ ಮಂಡಿಸಿದ: ಮನೆ ಬಡವಾದಷ್ಟೂ ಖರ್ಚಿನಲ್ಲಿ ಹೊಟ್ಟೆಯ ಪಾಲು ಹೆಚ್ಚು. ಇದನ್ನು ಮಲ್ಲಸಮುದ್ರದ ಕಟ್ಟೆಯ ಮೇಲೆ ಹೇಳಿದರೆ ಯಾರೂ ಹುಬ್ಬೇರಿಸುವುದಿಲ್ಲ. ಆದರೂ ಜರ್ಮನಿಯಿಂದ ಬಂದದ್ದರಿಂದ ಅದು ಸಿದ್ಧಾಂತ. 2023-24ರ ಕೇಂದ್ರ ಸರ್ಕಾರದ ಕುಟುಂಬ ಬಳಕೆ ವೆಚ್ಚದ ಸಮೀಕ್ಷೆ ಅದನ್ನೇ ಅಂಕಿಯಲ್ಲಿ ಹೇಳುತ್ತದೆ: ದೇಶದ ಹಳ್ಳಿಯ ಮನೆ ನೂರು ರೂಪಾಯಿ ಖರ್ಚು ಮಾಡಿದರೆ ಅದರಲ್ಲಿ 47.04 ಆಹಾರಕ್ಕೇ ಹೋಗುತ್ತದೆ, ಪಟ್ಟಣದಲ್ಲಿ 39.68.

ಎಂಗೆಲ್‌ನನ್ನು ಮೀರಿಸಿದ ಗ್ರಂಥವೆಂದರೆ 2020ರ ಜನವರಿಯಲ್ಲಿ ಸಂಸತ್ತಿನ ಮುಂದೆ ಬಂದ ಆರ್ಥಿಕ ಸಮೀಕ್ಷೆ. ಅದರಲ್ಲಿ ‘ಥಾಲಿನಾಮಿಕ್ಸ್’ ಎಂಬ ಇಡೀ ಅಧ್ಯಾಯವೇ ಇದೆ. ಊಟದ ತಾಟನ್ನು ಅರ್ಥಶಾಸ್ತ್ರದ ಪೀಠಕ್ಕೇರಿಸಿದ ಆ ಅಧ್ಯಾಯದ ಪ್ರಕಾರ, ದಿನಕ್ಕೆರಡು ಹೊತ್ತು ಸಸ್ಯಾಹಾರದ ಊಟ ಮಾಡುವ ಐದು ಮಂದಿಯ ಮನೆಗೆ ವರ್ಷಕ್ಕೆ ಸರಾಸರಿ 10,887 ರೂಪಾಯಿ ಲಾಭವಾಗಿದೆ. ಈ ಹಣ ಯಾವ ಡಬ್ಬಿಯಲ್ಲಿದೆ ಎಂದು ಸಮೀಕ್ಷೆ ಹೇಳಿಲ್ಲ. ಹೆಣ್ಣುಮಕ್ಕಳು ಅಕ್ಕಿ ಡಬ್ಬಿ, ಸಾಸಿವೆ ಡಬ್ಬಿ, ದೇವರ ಜಗಲಿಯ ಹಿಂದೆ ಎಲ್ಲ ಹುಡುಕಿ ನೋಡಬಹುದು. ಅದಕ್ಕೂ ಹಿಂದಿನ ತಿಂಗಳು, ಉಳ್ಳಾಗಡ್ಡಿ ಕಿಲೋಕ್ಕೆ ನೂರು ದಾಟಿದ್ದ ಡಿಸೆಂಬರಿನಲ್ಲಿ, ತಾವು ಈರುಳ್ಳಿ ಬೆಳ್ಳುಳ್ಳಿ ಅಷ್ಟಾಗಿ ತಿನ್ನದ ಮನೆತನದವರೆಂದು ಹಣಕಾಸು ಸಚಿವೆ ಲೋಕಸಭೆಯಲ್ಲಿ ತಿಳಿಸಿದ್ದರು. ಮಿತವ್ಯಯ ಶಾಸ್ತ್ರದಲ್ಲಿ ಇದಕ್ಕೆ ‘ನಿರುಳ್ಳಿ ಮಾರ್ಗ’ ಎಂದು ಹೆಸರಿಡಲಾಗಿದೆ.

ವರ್ಗೀಕರಣವಿಲ್ಲದೆ ಪದವಿ ಸಿಗುವುದಿಲ್ಲ. ಆದ್ದರಿಂದ ಕಿರಾಣಿ ಉಳಿತಾಯವನ್ನು ಐದು ಪ್ರಕಾರವಾಗಿಯೂ, ಪ್ರತಿ ಪ್ರಕಾರವನ್ನು ಮೂರು ಉಪಪ್ರಕಾರವಾಗಿಯೂ, ಪ್ರತಿ ಉಪಪ್ರಕಾರವನ್ನು ಮತ್ತೆ ಮೂರು ಪ್ರಭೇದವಾಗಿಯೂ ವಿಂಗಡಿಸಿ ಒಟ್ಟು ನಲವತ್ತೈದು ಪ್ರಭೇದಗಳನ್ನು ಇಲ್ಲಿ ನಿರೂಪಿಸಲಾಗುವುದು.

ಮೊದಲನೆಯದು ಕೊಸರು ಪ್ರಕಾರ. ತೂಕ ಮುಗಿದ ಮೇಲೆ ಬೀಳುವ ತೂಕವೇ ಕೊಸರು. ಇದರಲ್ಲಿ ಯಾಚಿತ, ಅಯಾಚಿತ, ಸ್ವಯಂಗೃಹೀತ ಎಂದು ಮೂರು ಉಪಪ್ರಕಾರ. ‘ಒಂದೀಟು ಹಾಕೋ ತಮ್ಮಾ’ ಎಂದು ಕೇಳಿ ಪಡೆದದ್ದು ಯಾಚಿತ. ಪರಿಚಯದ ಅಜ್ಜಿ ತಾನಾಗಿ ಎಸೆದ ಕರಿಬೇವಿನ ಎಸಳು ಅಯಾಚಿತ. ಮಾರುವವನು ಚಿಲ್ಲರೆ ಹುಡುಕಲು ತಲೆ ಬಗ್ಗಿಸಿದಾಗ ಚೀಲಕ್ಕೆ ಬಿದ್ದ ಎರಡು ಹಸಿಮೆಣಸಿನಕಾಯಿ ಸ್ವಯಂಗೃಹೀತ. ಇದು ಇಬ್ಬರಿಗೂ ಗೊತ್ತಿದ್ದು ಇಬ್ಬರೂ ಆಡದ ಒಪ್ಪಂದ. ಎಲೆಕ್ಟ್ರಾನಿಕ್ ಕಾಟಾ ಬಂದ ಮೇಲೆ ಈ ಪರಂಪರೆ ಅಂತ್ಯಕಾಲದಲ್ಲಿದೆ. ತಕ್ಕಡಿಯ ಮುಳ್ಳು ಅಲುಗಾಡುತ್ತಿದ್ದಾಗ ಉದಾರತೆಗೆ ಜಾಗವಿತ್ತು. ಈಗ ಕೆಂಪು ಅಂಕಿಯಲ್ಲಿ 1.015 ಎಂದು ಬಂದರೆ ಮಾರುವವನು ಒಂದು ಬದನೆಕಾಯಿ ಎತ್ತಿ ಸಣ್ಣದು ಇಡುತ್ತಾನೆ. ಇನ್ನು ಎಸಿ ಹಾಕಿದ ಅಂಗಡಿಯಲ್ಲಿ ಕೊಸರು ಕೇಳಿದರೆ ಕಾವಲುಗಾರನನ್ನು ಕರೆಯುತ್ತಾರೆ.

ಎರಡನೆಯದು ಪೊಟ್ಟಣ ನಿರಚನ. ಪೊಟ್ಟಣವನ್ನು ಒಂದು ಪಠ್ಯವಾಗಿ ಓದುವುದು ಇದರ ಕ್ರಮ. ‘ದೊಡ್ಡ ಪಾಕೀಟು ಕೊಳ್ಳಿರಿ’ ಎಂಬ ತಜ್ಞವಾಕ್ಯ ಇಲ್ಲಿ ಮೊದಲ ಏಟಿಗೇ ಬೀಳುತ್ತದೆ. ಎಷ್ಟೋ ಕಂಪನಿಗಳ ಶಾಂಪೂ ಬಾಟಲಿಗಿಂತ ಸಣ್ಣ ಚೀಟಿಯಲ್ಲೇ ಅಗ್ಗ. ಇದು ಮಲ್ಲಸಮುದ್ರದ ಹುಡುಗಿಯರಿಗೆ ಗೊತ್ತಿದೆ, ಬೆಳಕಿನ ಚೌಕಕ್ಕೆ ಗೊತ್ತಿಲ್ಲ. ದರ ಹೋಲಿಸಲು ಸರ್ಕಾರ ಬಿಡಿ ದರ ಮುದ್ರಿಸುವ ನಿಯಮ ತಂದಿದೆ, ನಿಜ. ಒಂದು ಕಿಲೋಕ್ಕಿಂತ ಕಡಿಮೆ ಇದ್ದರೆ ಗ್ರಾಮಿಗೆ ಎಷ್ಟು ಎಂದೂ, ಹೆಚ್ಚಿದ್ದರೆ ಕಿಲೋಕ್ಕೆ ಎಷ್ಟು ಎಂದೂ ಬರೆಯಬೇಕು. ಹೀಗಾಗಿ 900 ಗ್ರಾಮಿನ ಪಾಕೀಟಿನ ಮೇಲೆ 0.06, ಎರಡು ಕಿಲೋದ ಮೇಲೆ 58.00. ಅಂಗಡಿಯ ಕಟ್ಟೆಯ ಮುಂದೆ, ಕಂಕುಳಲ್ಲಿ ಕೂಸು ಇಟ್ಟುಕೊಂಡು, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ ಬಿಂದು ಎಲ್ಲಿದೆ ಎಂದು ಹುಡುಕುವುದೇ ಗ್ರಾಹಕ ಜಾಗೃತಿ.

ಇದೇ ಪ್ರಕಾರದಲ್ಲಿ 26 ಕಿಲೋದ ಅಕ್ಕಿ ಚೀಲವೂ ಬರುತ್ತದೆ. 2022ರ ಜುಲೈ 18ರಿಂದ, ಚೀಟಿ ಹಚ್ಚಿ ಪ್ಯಾಕು ಮಾಡಿದ ಅಕ್ಕಿ, ಹಿಟ್ಟು, ಬೇಳೆಗೆ 25 ಕಿಲೋದವರೆಗೆ ಶೇ 5 ಜಿಎಸ್‌ಟಿ. ಅದಕ್ಕಿಂತ ಹೆಚ್ಚಿದ್ದರೆ ಇಲ್ಲ. ಕೂಡಲೇ ಗಿರಣಿಗಳಿಂದ 26 ಕಿಲೋದ ಚೀಲಗಳು ಹೊರಟವು. ಒಂದು ಕಿಲೋ ಅಕ್ಕಿಯ ಮುಂದೆ ಇಡೀ ಕಾಯ್ದೆ ಮಂಡಿಯೂರಿದ ಈ ಘಟನೆ ಭಾರತೀಯ ತರ್ಕಶಾಸ್ತ್ರದ ದೊಡ್ಡ ಸಾಧನೆ. ಒಮ್ಮೆಲೇ 26 ಕಿಲೋ ಕೊಳ್ಳಬಲ್ಲವರಿಗೆ ತೆರಿಗೆ ಮಾಫಿ, ಐದು ಕಿಲೋ ಪಾಕೀಟು ಒಯ್ಯುವವರಿಗೆ ತೆರಿಗೆ. ಗೋಣಿಚೀಲದಿಂದ ಬಿಡಿಯಾಗಿ ತೂಗಿ ಕಾಗದದಲ್ಲಿ ಕಟ್ಟಿಕೊಟ್ಟರೆ ಮಾತ್ರ ಅದು ತಪ್ಪುತ್ತದೆ; ಆ ಮಟ್ಟಿಗೆ ಊರ ಕಿರಾಣಿ ಅಂಗಡಿಯೇ ದೇಶದ ಅತಿ ಚಿಕ್ಕ ತೆರಿಗೆಮುಕ್ತ ವಲಯ. 2025ರ ಸೆಪ್ಟೆಂಬರ್ 22ರಂದು ಬಿಸ್ಕತ್ತಿನ ತೆರಿಗೆ ಶೇ 18ರಿಂದ 5ಕ್ಕೆ ಇಳಿಯಿತು. ಲೆಕ್ಕದ ಪ್ರಕಾರ ಐದು ರೂಪಾಯಿಯ ಪುಡಿಕೆ 4 ರೂಪಾಯಿ 45 ಪೈಸೆ ಆಗಬೇಕು. 25 ಪೈಸೆಯ ನಾಣ್ಯ 2011ರಲ್ಲೇ ಚಲಾವಣೆಯಿಂದ ಹೋಗಿದೆ. ಉಳಿದ 55 ಪೈಸೆಯನ್ನು ತಿರುಗಿ ಕೊಡುವ ಗಲ್ಲಾಪೆಟ್ಟಿಗೆ ಗದಗ-ಬೆಟಗೇರಿಯಲ್ಲಿ ಎಲ್ಲಿದೆ ಎಂಬುದು ಮುಂದಿನ ಸಂಶೋಧಕರಿಗೆ ಬಿಟ್ಟ ವಿಷಯ.

ಮೂರನೆಯದು ಉದ್ರಿ ಸಂಕಥನ. ಉದ್ರಿ ಬರೆಸುವ ಮನೆ ನಾಲ್ಕು ಅಂಗಡಿಯ ದರ ಕೇಳಲಾರದು. ಅದಕ್ಕೆ ಇರುವುದು ಒಂದೇ ಅಂಗಡಿ, ಕೆಂಪು ರಟ್ಟಿನ ಪುಸ್ತಕವಿರುವ ಅಂಗಡಿ. ಅಲ್ಲಿ ಸಕ್ಕರೆಗೆ ಎರಡು ರೂಪಾಯಿ ಜಾಸ್ತಿ ಹಚ್ಚಿದ್ದು ಗೊತ್ತಿದ್ದೂ ಸುಮ್ಮನಿರಬೇಕು, ಯಾಕೆಂದರೆ ಕೂಲಿ ಇಲ್ಲದ ವಾರ ಅದೇ ಅಂಗಡಿ ಬೇಳೆ ಕೊಡುತ್ತದೆ. ಆ ಎರಡು ರೂಪಾಯಿ ಬಡ್ಡಿಯೇ, ವಿಮೆಯೇ, ದಾಕ್ಷಿಣ್ಯದ ಬೆಲೆಯೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಗೃಹಲಕ್ಷ್ಮಿ ಯೋಜನೆಯ ಎರಡು ಸಾವಿರ ಬಂದ ದಿನ ಪುಸ್ತಕದಲ್ಲಿ ಒಂದು ಗೆರೆ ಬೀಳುತ್ತದೆ. ಮರುದಿನ ಗೆರೆಯ ಕೆಳಗೆ ಮತ್ತೆ ಚಹಾಪುಡಿ, ಸಬಕಾರ.

ನಾಲ್ಕನೆಯದು ‘ಅವಶೇಷೋಪಯೋಗ ಪ್ರಕಾರ’ ಎಂದು ಬರೆದು ಪ್ರಬಂಧಕಾರರು ಒಂದು ಮನೆಯ ಅಡುಗೆ ಕಟ್ಟೆಯ ಮುಂದೆ ಕೂತರು. ಎಣ್ಣೆಯ ಪಾಕೀಟು ಖಾಲಿಯಾಗಿತ್ತು. ಮನೆಯಾಕೆ ಅದರ ಮೂಲೆಯನ್ನು ಕತ್ತರಿಸಿ ಬೋಗುಣಿಯ ಮೇಲೆ ತಲೆಕೆಳಗು ಮಾಡಿ ಒರಗಿಸಿದಳು. ಹನಿ ನಿಂತ ಮೇಲೆ ಪಾಕೀಟಿನ ಎರಡೂ ಬದಿ ಸೀಳಿ, ಅಂಗೈಯಷ್ಟಗಲ ಹರವಿ, ಬಿಸಿ ಜೋಳದ ರೊಟ್ಟಿಯ ಮುಟಿಗಿಯನ್ನು ಅದರ ಒಳಮೈಗೆ ಒತ್ತಿ ಒತ್ತಿ ಒರೆಸಿ ಮಗನ ತಾಟಿಗೆ ಹಾಕಿದಳು. ಪ್ಲಾಸ್ಟಿಕ್ಕು ಒಣಗಿ ಸದ್ದು ಮಾಡುವಂತಾಯಿತು.

ಇಲ್ಲಿಗೆ ವರ್ಗೀಕರಣವನ್ನು ನಿಲ್ಲಿಸಲಾಗಿದೆ. ಐದನೆಯ ಪ್ರಕಾರವೂ ಇಲ್ಲ, ನಲವತ್ತೈದು ಪ್ರಭೇದಗಳೂ ಇಲ್ಲ.

ಯಾಕೆಂದರೆ ಈಕೆಗೆ ಉಳಿತಾಯ ಕಲಿಸಲು ಕಾರು ಬರುತ್ತದೆ. ಅದೇ ಪಾಕೀಟಿನ ಕತೆ ಕೇಳಿ. ಮೊದಲು ಎಣ್ಣೆ, ಹಿಟ್ಟು, ಚಹಾ, ಬಿಸ್ಕತ್ತಿನಂಥ 19 ಬಗೆಯ ಸರಕಿಗೆ ಇಂತಿಷ್ಟೇ ತೂಕದಲ್ಲಿ ಪ್ಯಾಕು ಮಾಡಬೇಕು ಎಂಬ ಕಟ್ಟಳೆ ಇತ್ತು. 2022ರಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದರು. ಬಿಡಿ ದರ ಮುದ್ರಿಸಿದರೆ ಸಾಕೆಂದರು. ಈಗ ಒಂದು ಲೀಟರಿನ ಪಕ್ಕದಲ್ಲೇ, ಹೆಚ್ಚೂಕಡಿಮೆ ಅದೇ ಎತ್ತರ ಅದೇ ಬಣ್ಣದಲ್ಲಿ 850, 800 ಗ್ರಾಮಿನವು ನಿಂತಿರುತ್ತವೆ. ಬಿಸ್ಕತ್ತಿನ ಬೆಲೆ ಐದೇ ರೂಪಾಯಿ, ಪುಡಿಕೆ ಮಾತ್ರ ವರ್ಷವರ್ಷಕ್ಕೆ ಸಣ್ಣದು. ಅದೂ ಸಾಲದೆ ಕೆಲವು ಕಂಪನಿಗಳು ಪಾಕೀಟಿನ ಮೇಲೆ ಉಷ್ಣಾಂಶ ಬರೆಯುತ್ತಿದ್ದವು. ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ: ಒಂದು ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ ತೂಗಿದರೆ 60 ಡಿಗ್ರಿಯಲ್ಲಿ 892.6. ಅಂದರೆ 60 ಡಿಗ್ರಿಯ ಲೀಟರು ಎಂದು ಬರೆದರೆ ಪ್ರತಿ ಪಾಕೀಟಿಗೆ 26 ಗ್ರಾಂ ಉಳಿತಾಯ. ಯಾರಿಗೆ ಎಂದು ಕೇಳಬಾರದು. 2022ರ ಆಗಸ್ಟಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ, ಉಷ್ಣಾಂಶ ಬರೆಯದೆ ತೂಕ ನಮೂದಿಸಿ ಎಂದು ಆ ಕಂಪನಿಗಳಿಗೆ ಸಲಹೆ ಕೊಟ್ಟಿತು. ಅವುಗಳಿಗೆ ಸಲಹೆ ಸಾಕು. ರೊಟ್ಟಿಯಿಂದ ಪಾಕೀಟು ಒರೆಸುವವಳಿಗೆ ಶಿಬಿರ ಬೇಕು, ಚಹಾ-ಬಿಸ್ಕತ್ತಿನ ಸಮೇತ.

ಈ ವ್ಯಾಪಾರದ ಇನ್ನೊಂದು ತುದಿಯೂ ಇದೇ ತಾಲ್ಲೂಕಿನಲ್ಲಿದೆ. 2022ರ ನವೆಂಬರಿನಲ್ಲಿ ಗದಗ ತಾಲ್ಲೂಕಿನ ಒಬ್ಬ ರೈತ 205 ಕಿಲೋ ಉಳ್ಳಾಗಡ್ಡಿಯನ್ನು ನಾನೂರು ಕಿಲೋಮೀಟರಿಗೂ ದೂರದ ಬೆಂಗಳೂರಿನ ಯಶವಂತಪುರ ಮಾರುಕಟ್ಟೆಗೆ ಒಯ್ದರು. ಕ್ವಿಂಟಲಿಗೆ 200ರಂತೆ 410 ರೂಪಾಯಿ ಆಯಿತು. ಸಾಗಣೆ 377.64. ಹಮಾಲಿ 24. ಕೈಗೆ ಬಂದದ್ದು 8 ರೂಪಾಯಿ 36 ಪೈಸೆ. ಆ ರಸೀದಿ ದೇಶದ ತುಂಬ ಮೊಬೈಲುಗಳಲ್ಲಿ ಸುತ್ತಿತು, ಮರೆಯಾಯಿತು. ಆ ಹಣದಲ್ಲಿ ಐದು ರೂಪಾಯಿಯ ಒಂದು ಬಿಸ್ಕತ್ತು, ರೂಪಾಯಿಗೊಂದರಂತೆ ಮೂರು ಶಾಂಪೂ ಚೀಟಿ ಬರುತ್ತವೆ. ಉಳಿದ 36 ಪೈಸೆಯನ್ನು ಉಳಿತಾಯ ಎಂದು ಪರಿಗಣಿಸತಕ್ಕದ್ದು.

ಬೆಳೆದವನಿಗೂ ದಕ್ಕದ, ಕೊಂಡವಳಿಗೂ ದಕ್ಕದ ದುಡ್ಡು ನಡುವೆ ಎಲ್ಲಿ ಹೋಗುತ್ತದೆ ಎಂಬುದು ತಜ್ಞರ ಸ್ಲೈಡುಗಳಲ್ಲಿ ಬರುವುದಿಲ್ಲ. ಬಂದಿದ್ದರೆ ಅವರು ಆ ದುಡ್ಡನ್ನು ಕೂಡಿ ಉಳಿಸಿಕೊಂಡವರ ಹೆಸರುಗಳನ್ನು ಹೇಳಬೇಕಿತ್ತು. 1844ರ ಡಿಸೆಂಬರ್ 21ರಂದು ಇಂಗ್ಲೆಂಡಿನ ರಾಚ್‌ಡೇಲಿನಲ್ಲಿ 28 ಮಂದಿ, ಅವರಲ್ಲಿ ಹಲವರು ನೇಕಾರರು, ದುಡ್ಡು ಕೂಡಿಸಿ ಒಂದು ಅಂಗಡಿ ತೆರೆದರು. ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸು, ಒಂದಷ್ಟು ಮೇಣದಬತ್ತಿ, ಇಷ್ಟೇ ಸರಕು. ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ, ಲಾಭ ಬಂದರೆ ಕೊಂಡಷ್ಟಕ್ಕೆ ತಕ್ಕಂತೆ ಕೊಂಡವರಿಗೇ ವಾಪಸ್ಸು. ನೇಕಾರರು ಬೆಟಗೇರಿಯಲ್ಲೂ ಇದ್ದಾರೆ. ದೇಶದ ಮೊದಲ ಕೃಷಿ ಪತ್ತಿನ ಸಹಕಾರ ಸಂಘ ಎಂದು ಹೆಸರಾದದ್ದು ಹುಟ್ಟಿದ್ದೂ ಇದೇ ತಾಲ್ಲೂಕಿನ ಕಣಗಿನಹಾಳದಲ್ಲಿ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ. ಸಾಲದ ಸಂಕಟಕ್ಕೆ ಕೂಡಿ ನಿಲ್ಲುವುದೇ ಮದ್ದು ಎಂದು ನೂರಿಪ್ಪತ್ತು ವರ್ಷದ ಹಿಂದೆ ಕಂಡುಕೊಂಡ ನೆಲದಲ್ಲಿ ನಿಂತು, ಒಬ್ಬೊಬ್ಬಳೇ ಪಟ್ಟಿ ಬರೆದುಕೋ ಎಂದು ಹೇಳಿಕೊಡಲು ಯಾರಿಗಾದರೂ ಹೇಗೆ ಮನಸ್ಸು ಬರುತ್ತದೆ?

ಪ್ರಬಂಧಕಾರರು ಸಿಟ್ಟಿನಲ್ಲಿ ಶಿಫಾರಸಿನ ಅಧ್ಯಾಯವನ್ನು ಹರಿದುಹಾಕಿ, ಸಂಘದ ಹೆಣ್ಣುಮಕ್ಕಳ ಮುಂದೆ ಬಾಯಿಮಾತಿನಲ್ಲೇ ಹೇಳಿದರು: ಹದಿನೈದು ಮನೆಯವರು ಕೂಡಿ ಗದಗಿನ ಸಗಟು ಅಂಗಡಿಯಿಂದ 15 ಕಿಲೋದ ಎಣ್ಣೆ ಡಬ್ಬಿ ತಂದು ಕಿಲೋದಂತೆ ಹಂಚಿಕೊಳ್ಳಬಹುದಲ್ಲ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

“ಎಣ್ಣಿ ಹಂಚ್ಕೋಬಹುದ್ರಿ,” ಎಂದಳು ಒಬ್ಬಾಕೆ, “ಖಾಲಿ ಡಬ್ಬಿ ಯಾರಿಗೆ?”

ಜೋಳ ತುಂಬಲು, ಹಿಟ್ಟು ತುಂಬಲು ಅಂಥ ಡಬ್ಬಿಯಷ್ಟು ಗಟ್ಟಿ ಇನ್ನೊಂದಿಲ್ಲ. ಮಾತು ಏರಿತು. ಚೀಟಿ ಎತ್ತೋಣ ಎಂದರು, ಹರಾಜು ಹಾಕೋಣ ಎಂದರು, ಹೊತ್ತು ತಂದವರಿಗೇ ಎಂದರು.

“ತಿಂಗಳಿಗೊಬ್ಬರಂಗ ಪಾಳಿ ಹಚ್ರಿ.”

“ಹಂಗಾರ ಮೊದಲ್ನೇ ಪಾಳಿ ನಂದು.”